ಬಾಲದ ಶಿಳ್ಳೆ

ಡಿಸೆಂಬರ್ 4

ಅತ್ತೆಗೆ ನಮಸ್ಕಾರ.

ನಿಮ್ಮ ಎರಡೂ ಪತ್ರಗಳು ಕೈಸೇರಿದವು. ಉತ್ತರ ತಡವಾಯಿತು, ಬೈಯಬೇಡಿ. ಹಿಮ ಬೀಳಲು ಶುರುವಾದ ಮೇಲೆ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಕೇಬಲ್ ಕಾರಿನಲ್ಲಿ ಮೇಲೆ ಹೋಗುವವರಿಗೆಲ್ಲ ಹೊರಟು ನಿಂತಾಗಲೇ ಬೂಟಿನ ಅಟ್ಟೆ ಬಾಯಿ ಬಿಟ್ಟಿರುವುದು ಕಾಣುತ್ತದೆ. ವರ್ಷವಿಡೀ ಮಂಚದ ಕೆಳಗೆ ಬಿದ್ದಿದ್ದಾಗ ನೋಡಬಾರದಿತ್ತೇ ಎಂದು ಕೇಳುವ ಹಾಗಿಲ್ಲ. ಬೆಳಗಿನಿಂದ ಸೂಜಿ, ದಾರ, ಅಂಟು ಹಿಡಿದು ಕೂತಿರುತ್ತೇನೆ. ಗುಬ್ಬಿ ಶಾಲೆ ಬಿಟ್ಟ ಮೇಲೆ ಅಂಗಡಿಯ ಹಿಂದಿನ ದಿಬ್ಬದಲ್ಲಿ ಹಲಗೆಯ ಮೇಲೆ ಕೂತು ಜಾರುತ್ತಾಳೆ. ಎಂಟು ತುಂಬಿದ ನಿಮ್ಮ ಮೊಮ್ಮಗಳಿಗೆ ಭಯ ಎಂಬುದೇ ಇಲ್ಲ, ಥೇಟ್ ನಿಮ್ಮ ಹಾಗೆ.

ನಿಮ್ಮ ಮಗನನ್ನು ಹುಡುಕುವ ತಂಡದವರು ಇನ್ನು ಹಿಮ ಕರಗುವವರೆಗೆ ಬರುವುದಿಲ್ಲವಂತೆ. ಅವರ ಮುಖ್ಯಸ್ಥರು ಮನೆಗೇ ಬಂದು ಹೇಳಿ ಹೋದರು. ಬೆಟ್ಟದ ದಾರಿ ನೋಡಿಕೊಳ್ಳುವುದೇ ಕೆಲಸವಾಗಿದ್ದವರು ದಾರಿಯಲ್ಲೇ ಕಳೆದುಹೋದರು ಎಂದು ಊರಿನವರು ಆಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಆಡಿಕೊಳ್ಳಲಿ.

ಆ ದಿನ ಏನಾಯಿತೆಂದು ಒಂದೂ ಬಿಡದೆ ಬರಿ ಅಂದಿದ್ದೀರಿ. ಅಕ್ಟೋಬರ್‌ನ ಎರಡನೆಯ ಭಾನುವಾರ. ಅಣಬೆ ಕೀಳಲು ಮೂವರೂ ಮೇಲಿನ ಕಾಡಿಗೆ ಹೋಗಿದ್ದೆವು. ಇಳಿಯುವಾಗ ಮಂಜು ಕವಿಯಿತು. ದಾರಿ ನಡೆಯುವಾಗ ನಮ್ಮ ಮನೆಯ ರೂಢಿ ನಿಮಗೆ ಗೊತ್ತಿದೆಯೋ ಇಲ್ಲವೋ. ಮುಂದೆ ನಾನು, ನಡುವೆ ಗುಬ್ಬಿ, ಕೊನೆಯಲ್ಲಿ ಬಾಲವಾಗಿ ಅವರು. ಪ್ರತಿ ತಿರುವಿನಲ್ಲಿ ಮುಂದಿನವರು ಎರಡು ಗಿಡ್ಡ ಶಿಳ್ಳೆ ಹಾಕಬೇಕು. ಬಾಲದವರು ಒಂದು ಉದ್ದ ಶಿಳ್ಳೆ ಹಾಕಿ ಉತ್ತರಿಸಬೇಕು. ಉತ್ತರ ಬಂದರೆ ನಿಲ್ಲಬಾರದು, ತಿರುಗಿ ನೋಡಬಾರದು, ನಡೆಯುತ್ತಲೇ ಇರಬೇಕು. ಬರದಿದ್ದರೆ ಮಾತ್ರ ಹಿಂದಿರುಗಿ ಹುಡುಕಬೇಕು. ಆ ದಿನವೂ ಪ್ರತಿ ತಿರುವಿನಲ್ಲಿ ಶಿಳ್ಳೆ ಹಾಕಿದೆ, ಪ್ರತಿ ತಿರುವಿನಲ್ಲೂ ಉತ್ತರ ಬಂತು. ಅಂಗಳದ ಗೇಟು ತೆರೆದು ಗುಬ್ಬಿಯನ್ನು ಒಳಗೆ ಬಿಟ್ಟೆ. ಅವರು ಬರಲೆಂದು ಗೇಟು ಹಿಡಿದು ನಿಂತೆ. ಯಾರೂ ಬರಲಿಲ್ಲ.

ಇಷ್ಟೇ ಅತ್ತೆ. ಗುಬ್ಬಿಯನ್ನು ನಿಮ್ಮಲ್ಲಿಗೆ ಕಳಿಸುವ ಮಾತು ಈಗ ಬೇಡ. ಅವಳೂ ಇಲ್ಲದಿದ್ದರೆ ಸಂಜೆ ಒಲೆ ಹಚ್ಚಲು ನನಗೆ ಕಾರಣವೇ ಇರುವುದಿಲ್ಲ.

ನಿಮ್ಮ ಸೊಸೆ


ಡಿಸೆಂಬರ್ 21

ಸೊಸೆಗೆ ಆಶೀರ್ವಾದ.

ನಿನ್ನ ಪತ್ರ ಓದಿ ಹವಾಮಾನ ವರದಿ ಓದಿದ ಹಾಗಾಯಿತು. ಗಂಡ ಕಾಣೆಯಾಗಿ ಎರಡು ತಿಂಗಳು, ನೀನು ಮೊದಲ ಪುಟವನ್ನು ಬೂಟಿನ ಅಟ್ಟೆಗೆ ಕೊಟ್ಟಿದ್ದೀಯ. ಅತ್ತು ಬರೆ ಅನ್ನುತ್ತಿಲ್ಲ. ನಾನೂ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಅಳುವವಳು, ಲಾಂಡ್ರಿಗೆ ಬರುವ ಆಸ್ಪತ್ರೆಯ ಹಾಸುಗಳಿಗೆ ಬೇರೆ ನೀರು ಚಿಮುಕಿಸುವ ಕೆಲಸ ಉಳಿಯುತ್ತದೆ. ಆದರೂ ಒಂದು ಸಾಲು, ಅವರಿಲ್ಲದೆ ಹೀಗಿದೆ ಎಂದು ಒಂದೇ ಸಾಲು ಇದ್ದಿದ್ದರೆ ಈ ಮುದುಕಿಗೆ ಜೊತೆಯಾಗುತ್ತಿತ್ತು.

ಆ ಶಿಳ್ಳೆ ನಿಮ್ಮ ಮನೆಯ ರೂಢಿ ಅಂದೆಯಲ್ಲ, ಅದು ಹುಟ್ಟಿದ್ದು ನನ್ನ ಬೆನ್ನ ಹಿಂದೆ. ಅವನಿಗೆ ಆರೇಳು ವರ್ಷ. ಬಟ್ಟೆಗಂಟು ಹೊತ್ತು ಕಾಲುವೆಯ ದಂಡೆಯ ಮೇಲೆ ಹೋಗುತ್ತಿದ್ದೆ. ನನ್ನದು ದಾಪುಗಾಲು. ಅವನು ಕಪ್ಪೆ ಕಂಡರೆ ಕೂರುವವನು, ಕಲ್ಲು ಕಂಡರೆ ನಿಲ್ಲುವವನು. ತಲೆಯ ಮೇಲೆ ಗಂಟಿದ್ದವಳು ತಿರುಗಿ ನೋಡಿದರೆ ಗಂಟು ಕಾಲುವೆಗೆ. ಅದಕ್ಕೆ ಶಿಳ್ಳೆ ಕಲಿಸಿದೆ. ಅದಕ್ಕೇ ತಿರುಗಿ ನೋಡಬಾರದು ಎಂಬ ನಿಯಮ. ನಿನ್ನ ತಲೆಯ ಮೇಲೆ ಏನಿತ್ತು?

ಬರೆದದ್ದು ಬರೆದುಬಿಟ್ಟೆ, ಇನ್ನು ಹೊಡೆದುಹಾಕುವುದಿಲ್ಲ. ಮಗುವನ್ನು ಕಳಿಸು. ಇಲ್ಲಿ ನೆಲ ಸಮತಟ್ಟಾಗಿದೆ. ಎಲ್ಲಿ ನಿಂತರೂ ಎಲ್ಲರೂ ಕಾಣುತ್ತಾರೆ.

ಅತ್ತೆ


ಫೆಬ್ರವರಿ 9

ಅತ್ತೆಗೆ,

ನಾವು ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರೆಂದು ತಿಳಿಯುತ್ತೇನೆ.

ಕೆರೆ ಪೂರ್ತಿ ಹೆಪ್ಪುಗಟ್ಟಿದೆ. ಕೆರೆ ಕಾಯುವವರು ಬೆಳಿಗ್ಗೆ ಕಬ್ಬಿಣದ ಸಲಾಕೆಯಿಂದ ಕುಟ್ಟಿ ನೋಡಿ ಹಸಿರು ಬಾವುಟ ನೆಟ್ಟರೆ ಊರಿಗೆ ಊರೇ ಸ್ಕೇಟು ಕಟ್ಟಿಕೊಂಡು ಇಳಿಯುತ್ತದೆ. ಗುಬ್ಬಿಗೆ ಈ ವರ್ಷ ಹೊಸ ಸ್ಕೇಟು ಬೇಕಾಗಲಿಲ್ಲ. ಯಾರೋ ಅಂಗಡಿಯಲ್ಲಿ ಬಿಟ್ಟು ಹೋದದ್ದರ ಪಟ್ಟಿ ಬದಲಿಸಿ ಕೊಟ್ಟೆ. ಕಳೆದ ವಾರ ಅವಳು ಕೆರೆಯ ಆ ತುದಿಗೆ ಒಬ್ಬಳೇ ಜಾರಿಕೊಂಡು ಹೋಗಿ ಎರಡು ಶಿಳ್ಳೆ ಹಾಕಿದಳು. ತಿರುಗಿ ಬಂದು, "ಅಮ್ಮಾ, ಅಪ್ಪ ಹಿಂದೆನೇ ಇದಾರೆ" ಅಂದಳು. ನಾನು, "ಸುಮ್ನೆ ಏನೇನೋ ಹೇಳ್ಬೇಡ, ಟೋಪಿ ಸರಿಯಾಗಿ ಹಾಕ್ಕೋ" ಅಂದೆ. ಅವಳು ಅತ್ತಳು. "ನಿಂಗೂ ಕೇಳಿಸ್ತು, ನೀನು ತಲೆ ಎತ್ತಿದ್ದೆ" ಅಂದಳು.

ನನಗೇನೂ ಕೇಳಿಸಲಿಲ್ಲ. ಯಾರೋ ಕೂಗಿದ ಹಾಗಾಗಿ ತಲೆ ಎತ್ತಿದ್ದೆ, ಅಷ್ಟೆ.

ನನ್ನ ತಲೆಯ ಮೇಲೆ ಏನಿತ್ತು ಎಂದು ಕೇಳಿದ್ದಿರಿ. ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಸಿಕ್ಕಾಗ ಬರೆಯುತ್ತೇನೆ.

ನಿಮ್ಮ ಸೊಸೆ


ಫೆಬ್ರವರಿ 24

ಸೊಸೆಗೆ,

ನನ್ನ ನಾಲಿಗೆಗೆ ಮೂಳೆಯಿಲ್ಲ, ನಿನ್ನ ಮನಸ್ಸಿಗೆ ಚರ್ಮವಿಲ್ಲ. ಆ ಮಾತನ್ನು ಬಿಟ್ಟುಬಿಡು. ಮಗ ಹೋದ ಸಿಟ್ಟನ್ನು ಯಾರ ಮೇಲೆ ತೀರಿಸಲಿ, ಬೆಟ್ಟಕ್ಕೆ ಪತ್ರ ಬರೆಯಲಾಗುತ್ತದೆಯೇ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಿನ್ನ ಕಾಲ ಬಂದಾಗ ನೀನೂ ಎರಡು ಮಾತು ಅನ್ನು.

ಮಗು ಕೇಳಿಸಿಕೊಂಡದ್ದು ಪ್ರತಿಧ್ವನಿ. ಸುತ್ತ ಬೆಟ್ಟವಿರುವ ಊರಿನಲ್ಲಿ ಕೆಮ್ಮಿದರೆ ನಾಲ್ಕು ಜನ ಕೆಮ್ಮುತ್ತಾರೆ. ನಾನು ನಿಮ್ಮಲ್ಲಿಗೆ ಬಂದಿದ್ದಾಗ ಅಂಗಳದಲ್ಲಿ ಅವನನ್ನು ಬೈದು, ಯಾರೋ ನನ್ನನ್ನೇ ತಿರುಗಿ ಬೈದರು ಅಂದುಕೊಂಡು ಜಗಳಕ್ಕೆ ಹೋಗಿದ್ದೆ, ನೆನಪಿದೆಯೇ? ನೀನು ಬಾಗಿಲ ಹಿಂದೆ ನಿಂತು ನಕ್ಕಿದ್ದು ನನಗೆ ಗೊತ್ತು. ಅವಳಿಗೆ ಅದನ್ನು ತಿಳಿಸಿ ಹೇಳು. ಬೇಸಿಗೆ ರಜೆಗಾದರೂ ಕಳಿಸು.

ಅತ್ತೆ


ಮೇ 16

ಅತ್ತೆಗೆ ನಮಸ್ಕಾರ.

ಕೂತುಕೊಂಡು ಓದಿ.

ಹಿಮ ಕರಗಿತು. ಹುಡುಕುವ ತಂಡದವರಿಗೆ ನಿಮ್ಮ ಮಗನ ಚೀಲ ಸಿಕ್ಕಿತು. ತುದಿಯಿಂದ ಇಳಿಯುವಾಗ ಸಿಗುವ ಮೊಟ್ಟಮೊದಲ ತಿರುವಿನ ಕೆಳಗೆ, ಬಂಡೆಗಳ ಸಂದಿನಲ್ಲಿ. ಅದಕ್ಕೂ ಕೆಳಗೆ ಕಮರಿ, ಕಮರಿಯ ತಳದಲ್ಲಿ ಹೊಳೆ. ಅಲ್ಲಿಗೆ ಇಳಿಯಲು ಯಾರಿಂದಲೂ ಆಗುವುದಿಲ್ಲವಂತೆ. ಅವರು ಜಾರಿದ್ದು ಅಲ್ಲೇ ಎಂದು ಮುಖ್ಯಸ್ಥರು ಹೇಳಿದರು. ನಾನು ಮತ್ತೆ ಮತ್ತೆ ಕೇಳಿದೆ. "ಮೊದಲ್ನೇ ತಿರುವೇ ಅಮ್ಮಾ. ಅದರಲ್ಲಿ ಅನುಮಾನ ಇಲ್ಲ" ಅಂದರು.

ಅಂದರೆ ಆಮೇಲಿನ ತಿರುವುಗಳಲ್ಲೆಲ್ಲ ನನಗೆ ಉತ್ತರ ಕೊಟ್ಟವರು ಯಾರು, ಅತ್ತೆ? ಮನೆಯ ಗೇಟಿನವರೆಗೂ ಯಾರು ಬಂದರು?

ಫೆಬ್ರವರಿಯಲ್ಲಿ ನಿಮಗೆ ಸುಳ್ಳು ಬರೆದೆ. ಕೆರೆಯ ಮೇಲೆ ನನಗೂ ಕೇಳಿಸಿತ್ತು. ಪ್ರತಿಧ್ವನಿಯಾಗಿದ್ದರೆ ಎರಡು ಹಾಕಿದ್ದಕ್ಕೆ ಎರಡೇ ತಿರುಗಿ ಬರಬೇಕಿತ್ತು. ಬಂದದ್ದು ಒಂದು, ಉದ್ದವಾಗಿ, ಕೊನೆಗೆ ಉಸಿರು ಸೋರಿದ ಹಾಗೆ. ಅವರ ಮುಂದಿನ ಹಲ್ಲು ಮುರಿದ ಮೇಲೆ ಹಾಗೇ ಆಗುತ್ತಿತ್ತು.

ಈ ವಸಂತದಲ್ಲಿ ದಾರಿಯ ಬಂಡೆಗಳಿಗೆ ಹಳದಿ ಗುರುತು ಹಚ್ಚುವವರಿಲ್ಲ. ಅವರು ಕೆಲಸ ಮಾಡುತ್ತಿದ್ದ ಕಚೇರಿಯವರು ಕೇಳಿದರು, ನಾನು ಒಪ್ಪಿಕೊಂಡೆ. ನಿಮ್ಮ ಮಗನ ಜೊತೆ ಎಷ್ಟೋ ವರ್ಷ ಬಣ್ಣದ ಡಬ್ಬಿ ಹಿಡಿದು ನಡೆದಿದ್ದೇನೆ, ಯಾವ ಬಂಡೆ ಎಂದು ಗೊತ್ತು. ಭಾನುವಾರ ಅಂಗಡಿ ಮುಚ್ಚಿ ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ. ಪ್ರತಿ ತಿರುವಿನಲ್ಲಿ ಶಿಳ್ಳೆ ಹಾಕುತ್ತೇವೆ. ಪ್ರತಿ ತಿರುವಿನಲ್ಲೂ ಉತ್ತರ ಬರುತ್ತದೆ. ನಾವು ತಿರುಗಿ ನೋಡುವುದಿಲ್ಲ.

ನಿಮ್ಮ ಸೊಸೆ


ಜೂನ್ 1

ಮಗಳೇ,

ಪತ್ರ ಬಂದ ದಿನದಿಂದ ಲಾಂಡ್ರಿ ತೆರೆದಿಲ್ಲ. ಚೀಲ ಸಿಕ್ಕಿತು ಎಂಬ ಸಾಲಿಗೇ ನಾನು ನಿಂತುಬಿಟ್ಟೆ. ಅದರ ಕೆಳಗಿನ ಸಾಲುಗಳನ್ನು ಓದಿದ್ದು ಎರಡು ದಿನ ಬಿಟ್ಟು. ನನ್ನ ಮಗ ಬದುಕಿಲ್ಲ. ಅದನ್ನು ನಾನೇ ಬರೆದು ನೋಡುತ್ತಿದ್ದೇನೆ.

ನಿನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಆ ದಾರಿಗೆ ಮಗುವನ್ನು ಕರೆದುಕೊಂಡು ಹೋಗಬೇಡ ಎಂದಷ್ಟೇ ಹೇಳುತ್ತೇನೆ. ಬಣ್ಣ ಹಚ್ಚುವುದಿದ್ದರೆ ಬೇರೆ ಯಾರಾದರೂ ಹಚ್ಚಲಿ.

ಅತ್ತೆ


ಆಗಸ್ಟ್ 12

ಪ್ರೀತಿಯ ಅತ್ತೆಗೆ,

ಇಷ್ಟು ಒಳ್ಳೆಯ ಬೇಸಿಗೆ ನಮ್ಮ ಪಾಲಿಗೆ ಬಂದೇ ಇರಲಿಲ್ಲ. ನೀವು ಸುಮ್ಮನೆ ಹೆದರುತ್ತೀರಿ. ಗುಬ್ಬಿ ಕೆರೆಯನ್ನು ಅಡ್ಡಲಾಗಿ ಈಜುತ್ತಾಳೆ ಈಗ. ನನ್ನ ಕೆನ್ನೆ ತುಂಬಿಕೊಂಡಿದೆ ಎಂದು ಕೇಬಲ್ ಕಾರಿನವರು ಹೇಳಿದರು. ಭಾನುವಾರ ಬುತ್ತಿ ಕಟ್ಟುವಾಗ ಮೂರು ಪೊಟ್ಟಣ ಕಟ್ಟುತ್ತೇನೆ. ಒಂದು ಹಾಗೇ ಉಳಿಯುತ್ತದೆ, ಸಂಜೆ ಅದನ್ನು ಗುಬ್ಬಿಯೂ ನಾನೂ ಹಂಚಿಕೊಳ್ಳುತ್ತೇವೆ. ಮನೆಯಲ್ಲಿ ಮೂರು ಜನ ಇದ್ದಾಗ ಎಷ್ಟು ನಗುತ್ತಿದ್ದೆವೋ ಅಷ್ಟು ನಗುತ್ತೇವೆ. ಬೆಳಿಗ್ಗೆ ಅಂಗಡಿಯಲ್ಲಿ ಕೂತಾಗಲೇ ಭಾನುವಾರದ ದಾರಿ ಕಣ್ಣ ಮುಂದೆ ಬರುತ್ತದೆ.

ಕಳೆದ ವಾರ ತುದಿಯಲ್ಲಿ ಊಟ ಮಾಡಿ ನಾನು ಕಣ್ಣು ಮುಚ್ಚಿದ್ದೆ. ಎದ್ದಾಗ ಗುಬ್ಬಿ ಇರಲಿಲ್ಲ. ನೋಡಿದರೆ ಮೊದಲ ತಿರುವಿನ ಕೆಳಗೆ, ಕಮರಿಯ ಅಂಚಿನ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. "ನಾನು ಶಿಳ್ಳೆ ಹಾಕೇ ಇರ್ಲಿಲ್ಲ ಅಮ್ಮಾ. ಅಪ್ಪಾನೇ ಹಾಕಿದ್ರು, ಇನ್ನೂ ಕೆಳಗಿಂದ" ಅಂದಳು. ಏನೂ ಆಗಲಿಲ್ಲ, ಮಂಡಿ ತರಚಿದೆ ಅಷ್ಟೆ. ಮಕ್ಕಳೆಂದ ಮೇಲೆ ಮಂಡಿ ತರಚದೆ ಇರುತ್ತದೆಯೇ. ನೀವು ಕೇಳುತ್ತೀರೆಂದು ಬರೆದೆ.

ನಿಮ್ಮ ಸೊಸೆ


ಆಗಸ್ಟ್ 23

ಮಗಳೇ,

ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನೀನೂ ಗಮನವಿಟ್ಟು ಓದು.

ಆ ನಿಯಮ ಮಾಡಿದವಳು ನಾನು. ಮುಂದಿನವರು ಕೇಳುತ್ತಾರೆ, ಬಾಲ ಉತ್ತರ ಕೊಡುತ್ತದೆ. ಬಾಲ ತಾನಾಗಿ ಯಾವತ್ತೂ ಕರೆಯುವುದಿಲ್ಲ. ಅವನಿಗೆ ಆರು ವರ್ಷವಿದ್ದಾಗ ಒಂದು ಸಲ ತಮಾಷೆಗೆಂದು ತಾನೇ ಶಿಳ್ಳೆ ಹಾಕಿದ. ನಾನು ಗಾಬರಿಯಾಗಿ ತಿರುಗಿ ಗಂಟೆಲ್ಲ ನೀರುಪಾಲು ಮಾಡಿ, ಅವನ ಬೆನ್ನಿನ ಮೇಲೆ ಬಾಸುಂಡೆ ಬರುವಂತೆ ಬಾರಿಸಿದೆ. ಆಮೇಲೆ ಜೀವಮಾನದಲ್ಲಿ ಅವನು ಕೇಳದೆ ಶಿಳ್ಳೆ ಹಾಕಿದವನಲ್ಲ. ನೀನು ಅವನ ಜೊತೆ ಅಷ್ಟು ವರ್ಷ ನಡೆದವಳು, ನೆನಪಿಸಿಕೊಂಡು ನೋಡು.

ನನ್ನ ಮಗ ತನ್ನ ಮಗಳನ್ನು ಕಮರಿಗೆ ಕರೆಯುವವನಲ್ಲ. ಕರೆದದ್ದು ಯಾವುದೋ ನನಗೆ ಗೊತ್ತಿಲ್ಲ. ಅವನಂತೂ ಅಲ್ಲ.

ಇಷ್ಟು ದಿನ ಕಳಿಸು ಎಂದು ಕೇಳಿದೆ, ಈಗ ಬೇಡುತ್ತಿದ್ದೇನೆ. ಅವಳನ್ನು ಕಳಿಸು, ಹಿಂದೆಯೇ ನೀನೂ ಬಾ.

ಅತ್ತೆ


ಸೆಪ್ಟೆಂಬರ್ 28

ಅತ್ತೆಗೆ,

ಗುಬ್ಬಿ ಸುಖವಾಗಿ ತಲುಪಿದ್ದು ತಿಳಿಯಿತು. ಅವಳ ಟೀಚರ್ ಆ ಕಡೆಗೇ ಹೋಗುತ್ತಿದ್ದದ್ದು ಒಳ್ಳೆಯದಾಯಿತು. ಬಸ್ಸಿನ ಕಿಟಕಿಯಿಂದ ಅವಳು ನನ್ನ ಕಡೆ ನೋಡಲಿಲ್ಲ, ನನ್ನ ಹಿಂದಿನ ದಾರಿಯನ್ನೇ ನೋಡುತ್ತಿದ್ದಳು.

ಅವಳು ಹೋದ ದಿನದಿಂದ ಉತ್ತರ ನಿಂತಿದೆ. ಮೊದಲು ಭಾನುವಾರ ಮಾತ್ರ ಹೋಗುತ್ತಿದ್ದೆ, ಈಗ ದಿನವೂ ಹೋಗುತ್ತೇನೆ. ತಿರುವು ತಿರುವಿನಲ್ಲೂ ನಿಂತು ಶಿಳ್ಳೆ ಹಾಕುತ್ತೇನೆ. ತುಟಿ ಒಡೆದಿದೆ. ಕರೆದದ್ದು ಅವರಲ್ಲ ಎಂದು ನೀವು ಬರೆದಿರಿ. ನಾನು ನಂಬಿದೆ, ಹೆದರಿದೆ, ಮಗುವನ್ನು ಕಳಿಸಿದೆ. ಈಗ ಅನ್ನಿಸುತ್ತಿದೆ, ಅವರೇ ಆಗಿದ್ದರು. ಮಗಳನ್ನು ಕಳಿಸಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.

ಡಿಸೆಂಬರಿನಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಸಿಕ್ಕಿದೆ. ನನ್ನ ತಲೆಯ ಮೇಲೆ ಏನೂ ಇರಲಿಲ್ಲ. ತಿರುಗಿ ನೋಡಬಹುದಿತ್ತು. ಉತ್ತರ ಬಂತಲ್ಲ ಎಂದು ನೋಡಲಿಲ್ಲ. ಈಗ ಉತ್ತರ ಬರುತ್ತಿಲ್ಲ, ಆದ್ದರಿಂದ ಹಿಂದಿರುಗಿ ಹುಡುಕಬೇಕು. ನಿಯಮ ನಿಮ್ಮದೇ. ಅಕ್ಟೋಬರ್‌ನ ಎರಡನೆಯ ಭಾನುವಾರ ತುದಿಯ ಹತ್ತಿರ ಚಾರಣಿಗರು ಉಳಿಯುವ ತಂಗುಮನೆಗೆ ಹೋಗುತ್ತೇನೆ. ಅಲ್ಲಿಂದ ಮೊದಲ ತಿರುವಿನ ಕೆಳಗೆ ಇಳಿಯಲು ಒಂದು ಜಾಗ ನೋಡಿಟ್ಟಿದ್ದೇನೆ. ಯಾರಿಂದಲೂ ಆಗುವುದಿಲ್ಲ ಎಂದು ತಂಡದವರು ಅಂದರು, ಆದರೆ ನಿಮ್ಮ ಮಗನ ಹೆಂಡತಿಯಿಂದ ಆಗಬಹುದು. ಅಷ್ಟರಲ್ಲಿ ಹಿಮ ಬೀಳದಿದ್ದರೆ ಸಾಕು.

ಗುಬ್ಬಿಯ ಉಣ್ಣೆಯ ಬಟ್ಟೆಗಳನ್ನೆಲ್ಲ ಪಾರ್ಸೆಲ್ ಮಾಡಿದ್ದೇನೆ. ಮುಂದಿನ ವರ್ಷಕ್ಕಾಗುವ ದೊಡ್ಡ ಬೂಟು ಕೂಡ ಹೊಲಿದಿಟ್ಟಿದ್ದೇನೆ. ಅಂಗಡಿಯ ಬೀಗದ ಕೈ ಕೇಬಲ್ ಕಾರಿನವರ ಹತ್ತಿರ ಇರುತ್ತದೆ.

ನಿಮ್ಮ ಸೊಸೆ


ಅಕ್ಟೋಬರ್ 4

ಮಗಳೇ,

ಅಂಚೆಯನ್ನು ನಂಬದೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ. ನಿನ್ನ ಕೈಗೇ ಕೊಡಬೇಕು, ನೀನು ಓದುವವರೆಗೆ ಅಲ್ಲಿಂದ ಕದಲಬಾರದು ಎಂದು ಹೇಳಿದ್ದೇನೆ. ಪಾಪ, ಒಳ್ಳೆಯವನು, ತಲೆ ಅಲ್ಲಾಡಿಸಿದ. ಅವನು ಎದುರಿಗೇ ನಿಂತಿದ್ದರೆ ಕುಡಿಯಲು ಏನಾದರೂ ಕೊಡು.

ಒಂದು ವಿಷಯವನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆದರೆ ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತೀಯ ಎಂದು ಸುಮ್ಮನಿದ್ದೆ.

ಗುಬ್ಬಿ ಬಂದ ಮರುದಿನ ಆಸ್ಪತ್ರೆಗೆ ಹಾಸುಗಳನ್ನು ಕೊಡಲು ಹೊರಟಿದ್ದೆವು. ಅವಳು ಮುಂದೆ, ನಾನು ಹಿಂದೆ, ತಳ್ಳುಗಾಡಿ ದೂಡುತ್ತಾ. ಔಷಧಿ ಅಂಗಡಿಯ ತಿರುವಿನಲ್ಲಿ ಅವಳು ಎರಡು ಶಿಳ್ಳೆ ಹಾಕಿದಳು. ಉತ್ತರ ಕೊಡೋಣವೆಂದರೆ ಹಲ್ಲಿಲ್ಲದ ಬಾಯಲ್ಲಿ ಶಿಳ್ಳೆ ಎಲ್ಲಿಂದ ಬರಬೇಕು. ತುಟಿ ಕೂಡಿಸುವಷ್ಟರಲ್ಲಿ ನನ್ನ ಹಿಂದಿನಿಂದ ಉತ್ತರ ಬಂತು. ಒಂದೇ, ಉದ್ದವಾಗಿ. ನಾನು ತಿರುಗಿ ನೋಡಿದೆ. ಬರಿಯ ಬೀದಿ, ಗೋಡೆಗೆ ಒರಗಿಸಿದ ಒಂದು ಸೈಕಲ್, ಬಿಸಿಲು. ಗುಬ್ಬಿ ತಿರುಗಲಿಲ್ಲ, ನಿಲ್ಲಲಿಲ್ಲ, ನೆಮ್ಮದಿಯಾಗಿ ನಡೆದಳು. ಅವತ್ತಿನಿಂದ ದಿನಾ ಹೀಗೇ. ಅವಳು ಕೇಳಿದಾಗ ಮಾತ್ರ, ಕೇಳದೆ ಒಂದು ಸಲವೂ ಇಲ್ಲ.

ಅವನು ಅಲ್ಲಿಲ್ಲ ಕಣೇ. ಮಗಳ ಹಿಂದೆ ಇಲ್ಲಿಗೆ ಬಂದಿದ್ದಾನೆ, ಅದಕ್ಕೇ ನಿನಗೆ ಅಲ್ಲಿ ಉತ್ತರವಿಲ್ಲ. ಉತ್ತರ ಬಂದರೆ ಹಿಂದಿರುಗಬಾರದು ಎನ್ನುವುದೂ ಅದೇ ನಿಯಮ. ಉತ್ತರ ಇಲ್ಲಿ ಬಂದಿದೆ. ನೀನು ಇಳಿಯಬೇಕಾದ ಕಮರಿ ಯಾವುದೂ ಇಲ್ಲ.

ನಿನಗೆ ಏನಾದರೂ ಆದರೆ ಈ ಮಗುವಿಗೆ ನಾನು ಏನು ಹೇಳಲಿ. ಮಗನನ್ನು ಕಳೆದುಕೊಂಡೆ, ಮಗಳನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ. ಮುಂದಿನ ಬಸ್ಸಿಗೇ ಹೊರಡು.

ಅತ್ತೆ


ಅಕ್ಟೋಬರ್ 8, ಬಸ್ಸಿನಿಂದ

ಅತ್ತೆಗೆ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ಗುಬ್ಬಿ ಪಕ್ಕದಲ್ಲಿರುವಾಗ ಇದನ್ನು ಬಾಯಿಬಿಟ್ಟು ಹೇಳಲಾಗುವುದಿಲ್ಲ. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಓಡಿದೆ, ಹೊಂದಿಸಿಕೊಂಡು ಓದಿ.

ಚಳಿಗಾಲದಲ್ಲಿ ಪ್ರತಿಧ್ವನಿ ಅಂದಿರಿ. ಬೇಸಿಗೆಯಲ್ಲಿ ನನ್ನ ಮಗನಲ್ಲ ಅಂದಿರಿ. ಈಗ ಇಲ್ಲೇ ಇದ್ದಾನೆ ಅನ್ನುತ್ತೀರಿ. ಒಂದೇ ಬಾಯಲ್ಲಿ ಮೂರು ಮಾತು. ನಿಜವೋ ಸುಳ್ಳೋ ನಿಮ್ಮನ್ನು ಕೇಳುವುದಿಲ್ಲ, ಗುಬ್ಬಿಯನ್ನೂ ಕೇಳುವುದಿಲ್ಲ. ಸುಳ್ಳೇ ಆಗಿದ್ದರೂ ನೀವು ಅದನ್ನು ನನಗಾಗಿ ಹೇಳಿದಿರಿ ಎಂದು ಹೊಳೆದಾಗ ಡ್ರೈವರ್ ಎದುರಿಗೇ ಗೇಟಿನ ಹತ್ತಿರ ಕೂತು ಅತ್ತುಬಿಟ್ಟೆ. ವರ್ಷದ ಅಳು. ಅವನು ಕದಲಲಿಲ್ಲ, ನೀವು ಹೇಳಿದ್ದಿರಲ್ಲ. ಕೊನೆಗೆ, "ನಾಳೆ ಬೆಳಿಗ್ಗೆ ಮುಂದಿನ ಸೀಟು ಇಟ್ಟಿರ್ತೀನಿ ಅಕ್ಕಾ" ಎಂದು ಹೇಳಿ ಹೋದ.

ಬೆಳಿಗ್ಗೆ ಮನೆಗೆ ಬೀಗ ಹಾಕಿ ಬಸ್ ನಿಲ್ದಾಣಕ್ಕೆ ಇಳಿದೆ. ಮಂಜಿತ್ತು. ನಾನು ಶಿಳ್ಳೆ ಹಾಕಲಿಲ್ಲ. ಬಾಯಿ ಬಿಗಿಹಿಡಿದುಕೊಂಡೇ ನಡೆದೆ. ಆದರೂ ಕೆಳಗಿನ ತಿರುವಿಗೆ ಬರುವಾಗ ಹಿಂದಿನಿಂದ ಬಂತು. ಒಂದು, ಉದ್ದವಾಗಿ, ಕೊನೆಯಲ್ಲಿ ಉಸಿರು ಸೋರುತ್ತಾ. ಒಂದು ತಿಂಗಳಿಂದ ಬೇಡಿಕೊಂಡರೂ ಬಾರದ್ದು ಈಗ ಕೇಳದೆಯೇ ಬಂತು, ತೀರಾ ಹತ್ತಿರದಿಂದ. ಬಾಲ ತಾನಾಗಿ ಕರೆಯುವುದಿಲ್ಲ, ತಾನಾಗಿ ಕರೆಯುವುದಿಲ್ಲ ಎಂದು ನಿಮ್ಮ ಮಾತನ್ನೇ ಹೇಳಿಕೊಳ್ಳುತ್ತಾ ಹೆಜ್ಜೆ ಹಾಕಿದೆ. ಮತ್ತೆ ಬಂತು. ನಾನು ಬಸ್ಸು ಹತ್ತುವವರೆಗೂ ಬರುತ್ತಲೇ ಇತ್ತು. ಡ್ರೈವರ್ ಬಾಗಿಲು ಹಾಕುವ ಮೊದಲು ಹೊರಗೆ ಇಣುಕಿ, "ಇನ್ನೂ ಯಾರೋ ಬರೋರಿದಾರಾ ಅಕ್ಕಾ?" ಅಂದ. ಇಲ್ಲ ಅಂದೆ.

ಅದು ಅವರಲ್ಲದಿದ್ದರೆ ನಾನು ಬದುಕಿಕೊಂಡೆ. ಅವರೇ ಆಗಿದ್ದರೆ ಎರಡನೆಯ ಸಲವೂ ಅವರನ್ನು ಬೆಟ್ಟದಲ್ಲಿ ಬಿಟ್ಟು, ತಿರುಗಿ ನೋಡದೆ ಬಂದೆ. ಯಾವುದು ಎಂದು ನನಗೆ ಎಂದಿಗೂ ತಿಳಿಯುವುದಿಲ್ಲ. ನಿಮಗೆ ತಿಳಿದಿದ್ದರೂ ಹೇಳಬೇಡಿ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಇನ್ನು ಮೇಲೆ ದಾರಿ ನಡೆಯುವಾಗ ಮುಂದೆ ನೀವಿರಿ, ನಡುವೆ ಗುಬ್ಬಿ ಇರಲಿ. ಬಾಲ ನಾನಾಗುತ್ತೇನೆ.

ನಿಮ್ಮ ಸೊಸೆ